ದುಬೈ ಕಂಪನಿ, ತಾಂಜಾನಿಯಾ ಗಣಿ: ಮನೆ ಗುಂಪಿನಲ್ಲಿ ಬಿಸಿಬಿಸಿ ಚರ್ಚೆ

ಚಿಕ್ಕಪ್ಪ: (ಫಾರ್ವರ್ಡ್) "ಡ್ರಿಲ್ಲಿಂಗ್ ಕಂಪನಿಯವರೇ! ದುಬೈನಲ್ಲಿ ಕಂಪನಿ ತೆರೆಯಿರಿ, ತಾಂಜಾನಿಯಾದ ಚಿನ್ನದ ಗಣಿಗೆ ರಿಗ್ (ನೆಲ ಕೊರೆಯುವ ಯಂತ್ರ) ಕಳಿಸಿ. ತೆರಿಗೆ ಸೊನ್ನೆ!!"

ಚಿಕ್ಕಪ್ಪ: ಸಂಡೂರಿನಲ್ಲೇ ಎಷ್ಟು ವರ್ಷ ತೂತು ಕೊರೆಯುತ್ತೀಯೋ? ಇದನ್ನು ನೋಡು.

ಅಣ್ಣ: ನೋಡಿದೆ. ಅಲ್ಲಿನ ಗೇಟಾ ಚಿನ್ನದ ಗಣಿ ಕಡೆ ಕೆಲಸ ಇದೆ ಅಂತ ಒಬ್ಬರು ಕರೆದಿದ್ದಾರೆ. ಎರಡು ರಿಗ್ ಕಳಿಸುವ ಯೋಚನೆ ಇದೆ.

ದೊಡ್ಡಕ್ಕ: ಸೊನ್ನೆ ಅಂತ ಯಾರು ಹೇಳಿದ್ದು? ದುಬೈನಲ್ಲೇ 2023ರ ಜೂನ್‌ನಿಂದ ಕಂಪನಿಗಳಿಗೆ ಶೇ 9 ತೆರಿಗೆ ಇದೆ. ತೆರಿಗೆ ರಿಯಾಯಿತಿಯ ಫ್ರೀ ಜೋನ್‌ಗೂ ಷರತ್ತುಗಳಿವೆ. ಅದು ಹಾಗಿರಲಿ, ರಿಗ್ ನಿಲ್ಲುವುದು ಎಲ್ಲಿ?

ಅಣ್ಣ: ತಾಂಜಾನಿಯಾದಲ್ಲಿ.

ದೊಡ್ಡಕ್ಕ: ತೆರಿಗೆಯೂ ಅಲ್ಲೇ. ಹೊರದೇಶದ ಕಂಪನಿಗೆ ಸೇವೆಯ ದುಡ್ಡು ಕೊಡುವಾಗ ಗಣಿಯವರು ಶೇ 15 ಹಿಡಿದುಕೊಳ್ಳುತ್ತಾರೆ. ಲಾಭದ ಮೇಲಲ್ಲ, ಪೂರ್ತಿ ಬಿಲ್ ಮೇಲೆ. 100 ರೂಪಾಯಿ ಬಿಲ್‌ನಲ್ಲಿ ಡೀಸೆಲ್, ಬಿಟ್, ರಾಡ್, ಹುಡುಗರ ಸಂಬಳ ಕಳೆದು ನಿನಗೆ ಉಳಿಯುವುದು ಎಷ್ಟು?

ಅಣ್ಣ: 10 ಉಳಿದರೆ ಹಬ್ಬ.

ದೊಡ್ಡಕ್ಕ: 15 ಅಲ್ಲೇ ಹೋಯಿತು. ಕೈಯಿಂದ 5 ಹಾಕು. ಅದೇ ಅಲ್ಲಿ ಕಂಪನಿ ಮಾಡಿ ಲೆಕ್ಕ ಇಟ್ಟರೆ ಶೇ 30, ಆದರೆ ಲಾಭದ ಮೇಲೆ. 10ಕ್ಕೆ 3. ಉಳಿದ 7 ಡಿವಿಡೆಂಡ್ (ಮಾಲೀಕನಿಗೆ ಲಾಭಾಂಶ) ಆಗಿ ಬರುವಾಗ ಶೇ 10, ಅಂದರೆ 70 ಪೈಸೆ. ಜಾಸ್ತಿ ದರವೇ ಅಗ್ಗ ಬಿತ್ತು, ಅಲ್ವಾ? ರಿಗ್ ತಿಂಗಳುಗಟ್ಟಲೆ ನಿಂತರೆ ಹೇಗೂ ಅಲ್ಲಿ ನಿನ್ನ ಕಾಯಂ ನೆಲೆ ಇದೆ, ಅಲ್ಲೇ ತೆರಿಗೆ ಕಟ್ಟು ಅಂತಲೇ ಹಿಡಿಯುತ್ತಾರೆ.

ಚಿಕ್ಕಪ್ಪ: ಹಾಗಾದರೆ ಆ ದೇಶದ ಸಹವಾಸವೇ ಬೇಡ. 2017ರಲ್ಲಿ ಅಕೇಶಿಯಾ ಗಣಿ ಕಂಪನಿಗೆ 190 ಬಿಲಿಯನ್ ಡಾಲರ್ ತೆರಿಗೆ ಬಿಲ್ ಕೊಟ್ಟವರು ಅವರು!

ಪುಟ್ಟಿ: ಈಗಷ್ಟೇ ರಿಗ್ ಕಳಿಸು ಅಂದಿದ್ದು ಯಾರು ತಾತ 😄

ಭಾವ: ಅದು ಅದಿರು ರಫ್ತಿನ ಲೆಕ್ಕದ ಜಗಳ. ಕೊನೆಗೆ ಅಕೇಶಿಯಾದ ದೊಡ್ಡ ಪಾಲುದಾರ ಬ್ಯಾರಿಕ್ ಕಂಪನಿ 300 ಮಿಲಿಯನ್ ಡಾಲರ್‌ಗೆ ರಾಜಿ ಮಾಡಿಕೊಂಡು, ಗಣಿಗಳಲ್ಲಿ ಸರ್ಕಾರಕ್ಕೆ ಶೇ 16 ಪಾಲು ಕೊಟ್ಟಿತು. ಕೊರೆಯುವವನಿಗೆ ಬೇರೆ ತಲೆನೋವು. 2018ರ ನಿಯಮದಂತೆ ಸ್ಥಳೀಯರ ಕಂಪನಿ ಜೊತೆ ಜಂಟಿಯಾಗಬೇಕು. ಕನಿಷ್ಠ ಶೇ 20 ಪಾಲು ಅವರಿಗೆ. ಸುಮ್ನೆ ಹೆಸರಿಗೆ ಯಾರನ್ನೋ ಸೇರಿಸಿದರೆ ಸಿಕ್ಕಿಬೀಳುತ್ತೀಯ.

ಅಣ್ಣ: ಕಷ್ಟಪಡುವುದು ನಾನು, ಶೇ 20 ಅವರಿಗಾ? ದುಬೈ ಕಂಪನಿ ಇಟ್ಟುಕೊಂಡು ಹೊಸಪೇಟೆಯಿಂದ ನಾನೇ ನಡೆಸಿದರೆ?

ದೊಡ್ಡಕ್ಕ: ಅದರಿಂದ ಶೇ 20 ತಪ್ಪುವುದಿಲ್ಲ. ಮೇಲಾಗಿ, ನಿರ್ಧಾರ ಎಲ್ಲ ಹೊಸಪೇಟೆಯಲ್ಲೇ ಆದರೆ ದುಬೈ ಕಂಪನಿಯನ್ನೂ ಇಲ್ಲಿಯದೇ ಅಂತ ನಮ್ಮ ಆದಾಯ ತೆರಿಗೆಯವರು ಹಿಡಿಯಬಹುದು. ವರ್ಷದ ವಹಿವಾಟು 50 ಕೋಟಿ ದಾಟದಿದ್ದರೆ ಆ ತಂಟೆ ಇಲ್ಲ. ಮೊದಲು ಬ್ಯಾಂಕಿಗೆ ಹೋಗು. 2022ರ ಹೊರದೇಶ ಹೂಡಿಕೆ ನಿಯಮ ಇದೆ. ಆ ಹೂಡಿಕೆಗೆ ರಿಸರ್ವ್ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ, ಯುಐಎನ್, ಬಾರದೆ ಹಣ ಕಳಿಸುವಂತಿಲ್ಲ.

ಭಾವ: ಒಪ್ಪಂದದ ಡ್ರಾಫ್ಟ್ ಬಂದಿದೆಯಾ? ತೆರಿಗೆ ಯಾರ ತಲೆಗೆ?

ಅಣ್ಣ: ಬಂದಿದೆ. ಎಲ್ಲ ತೆರಿಗೆ ಗುತ್ತಿಗೆದಾರನದ್ದೇ ಅಂತಿದೆ. ನಾಳೆ ಸಹಿ ಹಾಕಿ ಅಂತಿದ್ದಾರೆ.

ದೊಡ್ಡಕ್ಕ: ಹಾಕಬೇಡ. ಪಿಡಿಎಫ್ ನನಗೊಬ್ಬಳಿಗೇ ಕಳಿಸು, ಗುಂಪಿಗೆ ಬೇಡ.