ಸೋಂಕು ತಡೆಯ ತರಬೇತಿ: ಸ್ಲೈಡುಗಳಾಚೆ ಏನು ಮಾಡಬಹುದು?

ಪ್ರಶ್ನೆ: ನಾನು ಆಸ್ಪತ್ರೆಯೊಂದರ ಸೋಂಕು ನಿಯಂತ್ರಣ ವಿಭಾಗದಲ್ಲಿ ಶುಶ್ರೂಷಕಿ. ಪ್ರತಿ ವರ್ಷವೂ ಅದೇ ಸ್ಲೈಡುಗಳನ್ನು ತೋರಿಸುತ್ತೇನೆ. ಸಿಬ್ಬಂದಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ತೂಕಡಿಸುತ್ತಾರೆ. ಬೇರೆ ವಿಧಾನಗಳನ್ನು ಪ್ರಯೋಗಿಸಿ ನೋಡಿದವರು ದಯವಿಟ್ಟು ತಮ್ಮ ಅನುಭವವನ್ನು ತಿಳಿಸಬೇಕು.

ಉತ್ತರ 1: ಸಿಸ್ಟರ್, ನೇರಳಾತೀತ ದೀಪದಡಿ ಹೊಳೆಯುವ ಲೋಷನ್ನನ್ನು ಎಲ್ಲರ ಕೈಗೂ ಹಚ್ಚಿಸಿ, ಎಂದಿನಂತೆ ತೊಳೆದು ಬರಲು ಹೇಳಿ, ಕತ್ತಲೆಯ ಪೆಟ್ಟಿಗೆಯೊಳಗೆ ಕೈ ಇಡಿಸುತ್ತೇನೆ. ಉಗುರಿನ ಸಂದು, ಬೆರಳ ತುದಿ, ಉಂಗುರದ ಅಡಿ ಹೊಳೆಯುವುದನ್ನು ಕಂಡವರಿಗೆ ಹೆಚ್ಚೇನೂ ಹೇಳಬೇಕಾಗುವುದಿಲ್ಲ. ಪೆಟ್ಟಿಗೆ ಬಂದ ದಿನ ಪರೀಕ್ಷಿಸಲೆಂದು ನಾನೇ ಕೈ ಇಟ್ಟಾಗ ನನ್ನ ಬಲಗೈ ಹೆಬ್ಬೆರಳು ಬುಡದಿಂದ ತುದಿಯವರೆಗೆ ಮಿನುಗುತ್ತಿತ್ತು. ಅಂದಿನಿಂದ ಪ್ರತಿ ತರಬೇತಿಯನ್ನೂ ನನ್ನ ಕೈಯಿಂದಲೇ ಆರಂಭಿಸುತ್ತೇನೆ. ಕಲಿಸುವವಳ ತಪ್ಪು ಮೊದಲು ಕಂಡರೆ ಹಿರಿಯ ವೈದ್ಯರೂ ಸಂಕೋಚವಿಲ್ಲದೆ ಕೈ ಚಾಚುತ್ತಾರೆ. ಸಾಬೂನಿನಿಂದ ತೊಳೆಯುವ ಇಡೀ ಕ್ರಿಯೆಗೆ 40ರಿಂದ 60 ಸೆಕೆಂಡು, ಆಲ್ಕೋಹಾಲ್ ದ್ರಾವಣಕ್ಕೆ 20ರಿಂದ 30 ಸೆಕೆಂಡು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವನ್ನು ಆ ಹೊತ್ತಿಗೆ ಹೇಳಿದರೆ ಮರೆಯುವುದಿಲ್ಲ.

ಉತ್ತರ 2: ಗ್ಲೌಸ್ ಮತ್ತು ಗೌನ್ ಕಳಚುವುದನ್ನು ಕಲಿಸುವಾಗ ಗ್ಲೌಸ್ ಮೇಲೆ ಬಣ್ಣ ಬೆರೆಸಿದ ಶೇವಿಂಗ್ ಕ್ರೀಮ್ ಹಚ್ಚಿರಿ. ಕಳಚಿ ಮುಗಿದ ಮೇಲೆ ಮಣಿಕಟ್ಟಿನಲ್ಲೋ ಕಿವಿಯ ಹಿಂದೆಯೋ ಬಣ್ಣ ಸಿಕ್ಕೇ ಸಿಗುತ್ತದೆ.

ಉತ್ತರ 3: ನಾವು ಖಾಲಿ ವಾರ್ಡಿನ ಒಂದು ಹಾಸಿಗೆಯ ಸುತ್ತ ಬೇಕೆಂದೇ ಹತ್ತು ತಪ್ಪುಗಳನ್ನು ಜೋಡಿಸಿಡುತ್ತೇವೆ: ನೆಲಕ್ಕೆ ತಾಗಿದ ಮೂತ್ರದ ಚೀಲ, ಮುಕ್ಕಾಲು ಭಾಗ ಮೀರಿ ತುಂಬಿದ ಸೂಜಿ ಡಬ್ಬಿ, ಮತ್ತೆ ಮುಚ್ಚಳ ಹಾಕಿದ ಸೂಜಿ, ಅಂಚು ಬಿಟ್ಟುಕೊಂಡ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಪಟ್ಟಿ. ಶಿಫ್ಟ್ ಬದಲಾಗುವಾಗ ಮೂರು ಮೂರು ಜನ ಬಂದು ಐದು ನಿಮಿಷದಲ್ಲಿ ಹುಡುಕಬೇಕು. ವೈದ್ಯ, ನರ್ಸ್, ಸ್ವಚ್ಛತಾ ಸಿಬ್ಬಂದಿ ಒಂದೇ ತಂಡದಲ್ಲಿರಬೇಕೆಂಬುದಷ್ಟೇ ನಿಯಮ. ಒಮ್ಮೆ ಮಂಚದ ಕಂಬಿಯ ಒಳಬದಿಯಲ್ಲಿ ನಾವು ಹಚ್ಚಿದ್ದ ಕಲೆಯನ್ನು ದಿನವೂ ಆ ಕಂಬಿ ಒರೆಸುವ ಆಯಮ್ಮ ಒಬ್ಬರೇ ಕಂಡುಹಿಡಿದರು. ಬಳಿಕ ಡಾಕ್ಟರರೇ ಬಗ್ಗಿ ಅವರನ್ನು ಕೇಳಿ ಕೇಳಿ ಹುಡುಕತೊಡಗಿದರು. ಸ್ಲೈಡುಗಳ ಮುಂದೆ ಆ ಆಯಮ್ಮ ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ.

ಉತ್ತರ 4: ಕೈಯನ್ನು ಅಗರ್ ತಟ್ಟೆಗೆ (ಸೂಕ್ಷ್ಮಾಣುಗಳನ್ನು ಬೆಳೆಸುವ ಜೆಲ್ಲಿಯಂಥ ಪದರವಿರುವ ತಟ್ಟೆ) ಒತ್ತಿಸಿ, 37 ಡಿಗ್ರಿಯಲ್ಲಿ ಒಂದೆರಡು ದಿನವಿಟ್ಟು ತೋರಿಸುವ ಪದ್ಧತಿಯೂ ಇದೆ, ಆದರೆ ಎಚ್ಚರಿಕೆ ಬೇಕು. ಚೆನ್ನಾಗಿ ತೊಳೆದ ಕೈಯಿಂದಲೂ ಚರ್ಮದ ಸಹಜ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಇದನ್ನು ಮೊದಲೇ ವಿವರಿಸದಿದ್ದರೆ "ತೊಳೆದು ಪ್ರಯೋಜನವೇನು" ಎಂಬ ಮಾತು ವಾರ್ಡಿನಲ್ಲೆಲ್ಲ ಹಬ್ಬುತ್ತದೆ. ನಾನು ತಟ್ಟೆಗಳ ಮೇಲೆ ಹೆಸರು ಬರೆದು ಸೂಚನಾ ಫಲಕದ ಬಳಿ ಇಟ್ಟಿದ್ದೆ, ಮರುವರ್ಷ ಯಾರೂ ಕೈ ಕೊಡಲಿಲ್ಲ. ಈಗ ಬರೀ ಸಂಖ್ಯೆ ಬರೆಯುತ್ತೇನೆ. ಯಾವ ಸಂಖ್ಯೆ ಯಾರದೆಂಬುದು ಅವರವರಿಗೆ ಮಾತ್ರ ಗೊತ್ತಿರುತ್ತದೆ.