ಚಾಡಿ ಹೇಳಿ ಗೆದ್ದ ಕಪ್ ಅಂತೆ!

ನಮ್ಮ "ಹೊಸಮನೆ ಬಳಗ" ಗ್ರೂಪಲ್ಲಿ ಭಾನುವಾರ ಬೆಳಗ್ಗೆ ಅಂದ್ರೆ ಆರು ಗುಡ್ ಮಾರ್ನಿಂಗು, ಒಂದು ಕಷಾಯದ ರೆಸಿಪಿ, ಯಾರದೋ ಗೃಹಪ್ರವೇಶದ ಕಾರ್ಡು, ಅಷ್ಟೇ. ಹೋದ ವಾರ ಮಾತ್ರ ಅಮೆರಿಕದ ಮ್ಯಾಡಿಸನ್ನಲ್ಲಿ ಎಂಎಸ್ ಓದ್ತಿರೋ ವೈಶು ಒಂದು ವಿಡಿಯೋ ಹಾಕಿದ್ಲು, ಅಲ್ಲಿಂದ ಶುರುವಾಯ್ತು ನೋಡಿ, ಮಧ್ಯಾಹ್ನ ಊಟದ ತನಕ ಯಾರ ಮನೇಲೂ ಸರಿಯಾಗಿ ಕೆಲಸ ಆಗ್ಲಿಲ್ಲ. ಸ್ಟಿಕರ್‌ಗಳನ್ನ ತೆಗೆದು ಹಾಗೇ ಇಳಿಸ್ತಿದೀನಿ. ಹೆಸರು ಮಾತ್ರ ಬದಲಾಯಿಸಿದೀನಿ, ಇಲ್ಲಾಂದ್ರೆ ದೊಡ್ಡಪ್ಪ ನನ್ನ ಮನೆಗೆ ಸೇರಿಸಲ್ಲ.

ವೈಶು: [ವಿಡಿಯೋ] ಎಲ್ರೂ ನೋಡಿ ನೋಡಿ. ನಮ್ಮ ವಿಸ್ಕಾನ್ಸಿನ್ ಯೂನಿವರ್ಸಿಟಿ ಹುಡುಗೀರ ಐಸ್ ಹಾಕಿ ಟೀಮು. 2025ರ ಮಾರ್ಚ್ 23, ಮಿನಿಯಾಪೊಲಿಸಲ್ಲಿ ಅಮೆರಿಕದ ಕಾಲೇಜುಗಳ ನ್ಯಾಷನಲ್ ಫೈನಲ್ಲು, ಎದುರಿಗೆ ಒಹಾಯೊ ಸ್ಟೇಟು. 3-2ರಲ್ಲಿ ಸೋಲ್ತಿದ್ರು, ಇನ್ನು 18.9 ಸೆಕೆಂಡ್ ಬಾಕಿ, ಕರ್ಸ್ಟನ್ ಸಿಮ್ಸ್ ಪೆನಾಲ್ಟಿ ಶಾಟ್ ಹೊಡೆದು ಸಮ ಮಾಡಿದ್ಲು, ಓವರ್‌ಟೈಮಲ್ಲಿ ಮೂರು ನಿಮಿಷ ಆಗೋದ್ರೊಳಗೆ ಅವಳೇ ಇನ್ನೊಂದು ಗೋಲು. 4-3! ಎಂಟನೇ ಕಪ್ಪು

ಸುಮಾ ಚಿಕ್ಕಮ್ಮ: ಅಬ್ಬಬ್ಬಾ ಏನು ಸ್ಪೀಡೇ ಆ ಹುಡುಗಿ

ಶ್ರೀಧರ ದೊಡ್ಡಪ್ಪ: ನೋಡಿದೆ. ಸ್ಪೀಡೇನೋ ಸರಿ. ಆದರೆ ರೆಫ್ರಿ ಮೊದಲು ಏನೂ ಕೊಟ್ಟೇ ಇಲ್ಲವಲ್ಲ. ಕೋಚು ಕಂಪ್ಲೇಂಟ್ ಮಾಡಿದ ಮೇಲೆ ಟಿವಿ ನೋಡಿ ಪೆನಾಲ್ಟಿ ಕೊಟ್ಟರು. ಇದು ಚಾಡಿ ಹೇಳಿ ಗೆದ್ದ ಕಪ್ಪು.

(ದೊಡ್ಡಪ್ಪ ಬ್ಯಾಂಕಲ್ಲಿದ್ದಾಗ ಒಂಬತ್ತು ವರ್ಷ ಮಡಿಕೇರೀಲಿ ಇದ್ದವರು. ಹಾಕಿ ವಿಷಯಕ್ಕೆ ನಮ್ಮ ಮನೆಯ ಸುಪ್ರೀಂ ಕೋರ್ಟು.)

ವೈಶು: ದೊಡ್ಡಪ್ಪಾ ಚಾಡಿ ಅಲ್ಲ ಅದು, ಚಾಲೆಂಜು!! ಗೋಲಿನ ಮುಂದೆ ನೀಲಿ ಬಣ್ಣ ಇರುತ್ತಲ್ಲ ಕ್ರೀಸು, ಅಲ್ಲಿ ಗೋಲಿ (ಗೋಲ್‌ಕೀಪರು) ಬಿಟ್ಟು ಬೇರೆ ಯಾರೂ ಪಕ್ಕನ್ನ, ಅಂದ್ರೆ ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆನ, ಕೈಯಲ್ಲಿ ಮುಚ್ಚೋ ಹಾಗಿಲ್ಲ, ಮುಚ್ಚಿದ್ರೆ ಪೆನಾಲ್ಟಿ ಶಾಟ್. ಅವರ ಕಡೆ ಪ್ಲೇಯರ್ ಮುಚ್ಚಿದ್ಲು, ಕೋಚ್ ಕಣ್ಣಿಗೆ ಬಿತ್ತು, ಕೇಳಿದ್ರು. ಕ್ರಿಕೆಟಲ್ಲಿ ಡಿಆರ್‌ಎಸ್ ತಗೊಂಡ್ರೆ ಚಪ್ಪಾಳೆ ಹೊಡೀತೀರ ನೀವು

ದೊಡ್ಡಪ್ಪ: ಡಿಆರ್‌ಎಸ್ಸೂ ನನಗೆ ಸೇರಲ್ಲ.

ಪ್ರಸಾದ: ಚಾಡಿ ಗೀಡಿ ಬಿಡಿ ದೊಡ್ಡಪ್ಪ, ನನ್ನ ಪ್ರಶ್ನೆ ಬೇರೆ. ಇದನ್ನ ನೋಡೋರು ಯಾರು? ಅಲ್ಲಿ ಒಂದು ಕಾನೂನಿದೆ ಟೈಟಲ್ ನೈನ್ ಅಂತ, ಹುಡುಗರಿಗೆ ಎಷ್ಟೋ ಹುಡುಗೀರ್ಗೂ ಅಷ್ಟು ಕೊಡ್ಲೇಬೇಕು, ಅದಕ್ಕೋಸ್ಕರ ನಡೆಸೋ ಟೀಮುಗಳು ಇವು. ಇದೇ ವಿಸ್ಕಾನ್ಸಿನ್ನಲ್ಲಿ 1991ರಲ್ಲಿ ಬೇಸ್‌ಬಾಲ್ ಟೀಮನ್ನೇ ಮುಚ್ಚಿದ್ರು, ಇವತ್ತಿಗೂ ಇಲ್ಲ. ಆಡೋ ಹುಡುಗರ ಹೊಟ್ಟೆ ಮೇಲೆ ಹೊಡೆದು ಇವರಿಗೆ ರಿಂಕು

ಸುಮಾ ಚಿಕ್ಕಮ್ಮ: ಹೊಟ್ಟೆ ಮೇಲೆ ಹೊಡೆಯೋದು ಅಂದ್ರೇನು ಅಂತ ಗೊತ್ತೇನೋ ನಿಂಗೆ

ಗಿರೀಶ: ಇವತ್ತು ಯಾರಾದ್ರೂ ಮೈಸೂರಿಂದ ಬೆಂಗಳೂರಿಗೆ ಕಾರಲ್ಲಿ ಬರ್ತಿದೀರಾ? ಒಂದು ಕುಕ್ಕರ್ ತರಬೇಕಿತ್ತು

(ಯಾರೂ ಉತ್ತರ ಕೊಡ್ಲಿಲ್ಲ. ಪಾಪ.)

ವೈಶು: ಪ್ರಸಾದಣ್ಣ ಅರ್ಧ ಗೂಗಲ್ ಮಾಡಿ ಬರಬೇಡ. 1991ರಲ್ಲಿ ಮುಚ್ಚಿದ್ದು ಒಂದಲ್ಲ ಐದು ಟೀಮು. ಬೇಸ್‌ಬಾಲು, ಮತ್ತೆ ಜಿಮ್ನಾಸ್ಟಿಕ್ಸು ಫೆನ್ಸಿಂಗು, ಅವೆರಡೂ ಹುಡುಗರದ್ದೂ ಹೋಯ್ತು ಹುಡುಗೀರದ್ದೂ ಹೋಯ್ತು. ಆವಾಗ ಸ್ಪೋರ್ಟ್ಸ್ ಡಿಪಾರ್ಟ್‌ಮೆಂಟ್ ಕೈಯಲ್ಲಿ ಕಾಸಿರ್ಲಿಲ್ಲ. ಹುಡುಗೀರ ಹಾಕಿ ಶುರುವಾಗಿದ್ದು 1999ರಲ್ಲಿ, ಎಂಟು ವರ್ಷ ಆದಮೇಲೆ. ಅದನ್ನ ಮುಚ್ಚಿ ಇದನ್ನ ತೆಗೆದ್ರು ಅನ್ನೋಕೆ ಹೇಗಾಗುತ್ತೆ

ಪ್ರಸಾದ: ಸರಿ ಒಪ್ಪಿದೆ. ಕಾನೂನಿಲ್ದೇ ಇದ್ದಿದ್ರೆ 1999ರಲ್ಲಾದ್ರೂ ತೆಗೀತಿದ್ರಾ ಹೇಳು?

ವೈಶು: ಇಲ್ಲ. ತೆಗೀತಿರ್ಲಿಲ್ಲ

ವೈಶು: ಅದೇ ತಾನೇ ನಾನು ಹೇಳ್ತಿರೋದು. ಕಾನೂನು ಬಂದಿದ್ದು 1972ರಲ್ಲಿ, ಇಂಗ್ಲಿಷಲ್ಲಿ 37 ಪದ ಅಷ್ಟೇ, ಅದರಲ್ಲಿ ಸ್ಪೋರ್ಟ್ಸ್ ಅನ್ನೋ ಪದಾನೇ ಇಲ್ಲ, ಸರ್ಕಾರದ ದುಡ್ಡು ತಗೊಳ್ಳೋ ಕಡೆ ಓದೋದ್ರಲ್ಲಿ ಗಂಡು ಹೆಣ್ಣು ಭೇದ ಮಾಡಬಾರದು ಅಂತಷ್ಟೇ. ಅಲ್ಲಿಂದ ಇಲ್ಲಿ ಹುಡುಗೀರಿಗೆ ಐಸ್ ಸಿಗೋಕೆ 27 ವರ್ಷ! ಬ್ರೌನ್ ಯೂನಿವರ್ಸಿಟೀಲಿ ಹುಡುಗೀರು 1960ರ ದಶಕದಲ್ಲೇ ಆಡ್ತಿದ್ರು, ಆದ್ರೂ ಇಲ್ಲಿ ಕಾಲೇಜ್ ಸ್ಪೋರ್ಟ್ಸ್ ನಡೆಸೋ ಸಂಸ್ಥೆ ಎನ್‌ಸಿಎಎ ಹುಡುಗೀರಿಗೆ ಅಂತ ಮೊದಲ ಚಾಂಪಿಯನ್‌ಶಿಪ್ ಇಟ್ಟಿದ್ದು 2001ರಲ್ಲಿ. ಒಲಿಂಪಿಕ್ಸಲ್ಲಿ ಬಂದಿದ್ದೂ 1998ಕ್ಕೆ. ಆಡೋರು ಇದ್ರು ಅಣ್ಣಾ, ಜಾಗ ಇರ್ಲಿಲ್ಲ

ಸುಮಾ ಚಿಕ್ಕಮ್ಮ: ಇದನ್ನ ನಾನು ಹೇಳ್ತೀನಿ ಕೇಳೋ ಪ್ರಸಾದ. 31 ವರ್ಷ ಪಿಟಿ ಟೀಚರ್ ಆಗಿದ್ದೆ. ಒಂದು ಶಾಲೇಲಿ ಹುಡುಗರಿಗೆ ದೊಡ್ಡ ಮೈದಾನ, ಹುಡುಗೀರಿಗೆ ಬೋರ್‌ವೆಲ್ ಪಕ್ಕದ ಜಾಗ, ಅಲ್ಲೇ ಥ್ರೋಬಾಲು. ಬಾಲ್ ಕೇಳಿದ್ರೆ ಹೆಡ್‌ಮಾಸ್ಟ್ರು "ಆಡೋರು ಎಲ್ಲಿದಾರೆ ಮೇಡಂ" ಅನ್ನೋರು. ಬಾಲ್ ಕೊಟ್ರೆ ತಾನೇ ಆಡೋರು ಕಾಣೋದು. ಕೊನೆಗೆ ಸಂಬಳದಲ್ಲಿ ತಂದೆ

ಸುಮಾ ಚಿಕ್ಕಮ್ಮ: ಬೆಂಗಳೂರಿನ ಬ್ರಿಟ್ಟೊ ಅಕ್ಕತಂಗೀರು ಗೊತ್ತಾ ನಿಮಗೆ ಯಾರಿಗಾದ್ರೂ? ಎಲ್ವೆರಾ ಬ್ರಿಟ್ಟೊ, 1960ರ ದಶಕದಲ್ಲಿ ಮೈಸೂರು ರಾಜ್ಯದ ಟೀಮಿಗೆ ವರ್ಷ ವರ್ಷ ನ್ಯಾಷನಲ್ಸ್ ಗೆಲ್ಲಿಸಿದವರು, 1965ರಲ್ಲಿ ಅರ್ಜುನ ಪ್ರಶಸ್ತಿ. ಒಲಿಂಪಿಕ್ಸ್ ಆಡ್ಲೇ ಇಲ್ಲ ಅವರು. ಯಾಕೆ? ಹೆಂಗಸರ ಹಾಕಿ ಒಲಿಂಪಿಕ್ಸಿಗೆ ಬಂದಿದ್ದೇ 1980ರಲ್ಲಿ

ದೊಡ್ಡಪ್ಪ: ಸುಮಾ ಹೇಳೋದು ಸರಿ. ಕೊಡಗಿನ ಕುಟುಂಬ ಹಾಕಿ ಹಬ್ಬದಲ್ಲಿ ಹೆಣ್ಣುಮಕ್ಕಳೂ ಮನೆ ಗಂಡಸರ ಜೊತೆ ಒಂದೇ ಟೀಮಲ್ಲಿ ಇಳೀತಾರೆ. 1997ರಲ್ಲಿ ಕರಡದಲ್ಲಿ ಶುರುವಾದಾಗ 60 ಕುಟುಂಬ, 2024ರಲ್ಲಿ ನಾಪೋಕ್ಲಲ್ಲಿ 360. ಅಜ್ಜಿ ಮೊಮ್ಮಗ ಎಲ್ಲ. ಯಾರೂ ನೋಡೋರು ಎಲ್ಲಿ ಅಂತ ಕೇಳಿಲ್ಲ.

ದೊಡ್ಡಪ್ಪ: ಆದರೆ ಅದು ಹಾಕಿ. ಇದು ಸ್ಕೇಟಿಂಗ್ ಮತ್ತು ಕುಸ್ತಿ.

ವೈಶು: ಅಯ್ಯೋ ಕುಸ್ತಿ ಗಂಡಸರ ಆಟದಲ್ಲಿ ದೊಡ್ಡಪ್ಪ. ಕಾಲೇಜ್ ಹುಡುಗೀರ ಆಟದಲ್ಲಿ ಬೇಕಂತ ಮೈಮೇಲೆ ಬಿದ್ದು ಗುದ್ದಿದ್ರೆ ಪೆನಾಲ್ಟಿ, ಹೊರಗೆ ಕೂರಿಸ್ತಾರೆ. ಅದಕ್ಕೇ ಇಲ್ಲಿ ಪಾಸಿಂಗ್ ನೋಡಬೇಕು ನೀವು, ನಿಮಗೆ ಇಷ್ಟ ಆಗೋದು ಅದೇ ತಾನೇ

ಪ್ರಸಾದ: ನೋಡೋರು ಎಷ್ಟು ಜನ ಅನ್ನೋದಕ್ಕೆ ಇನ್ನೂ ಉತ್ತರ ಬಂದಿಲ್ಲ 😂

ವೈಶು: ತಗೋ. 2017ರ ಜನವರೀಲಿ ನಮ್ಮ ಯೂನಿವರ್ಸಿಟಿಯ ದೊಡ್ಡ ಅರೀನಾ ಕೋಲ್ ಸೆಂಟರಲ್ಲಿ ಒಂದು ಮ್ಯಾಚಿಗೆ 15,359 ಜನ. ಅಷ್ಟು ಪ್ರತಿ ಸಲ ಬರ್ತಾರೆ ಅಂತ ನಾನು ಸುಳ್ಳು ಹೇಳಲ್ಲ, ಅದು ಅಷ್ಟೂ ಸೀಟು ತುಂಬಿಸಬೇಕು ಅಂತ ಹಟ ತೊಟ್ಟು ಮಾಡಿದ ಮ್ಯಾಚು. ಮಾಮೂಲಿ ಆಡೋದು ಪಕ್ಕದ ಲಬಾನ್ ಅರೀನಾದಲ್ಲಿ, 2012ರಲ್ಲಿ ಕಟ್ಟಿದ್ದು, 2,273 ಸೀಟು. ಅಷ್ಟರೊಳಗೆ ಬ್ಯಾಂಡ್ ಬಾರಿಸಿದ್ರೆ ಕಿವಿ ಕಿತ್ತು ಬರುತ್ತೆ. ದುಡ್ಡು ಬರೋದು ಫುಟ್‌ಬಾಲಿಂದ, ಅದೂ ನಿಜ, ಒಪ್ತೀನಿ

ಪ್ರಸಾದ: ಅಲ್ಲಿಗೆ ನಾನು ಗೆದ್ದೆ

ಸುಮಾ ಚಿಕ್ಕಮ್ಮ: ಹಂಗಾದ್ರೆ ನಿನ್ನ ಇಂಜಿನಿಯರಿಂಗ್ ಫೀಸಿಂದ ಎಷ್ಟು ಲಾಭ ಬಂತು ಅಂತ ನಿಮ್ಮಪ್ಪನ್ನ ಕೇಳ್ಲಾ

(ಇಲ್ಲಿ ಹನ್ನೊಂದು ಜನ ನಗೋ ಇಮೋಜಿ. ಪ್ರಸಾದನ ಅಪ್ಪನೂ ಸೇರಿ. ಪ್ರಸಾದ ಇಪ್ಪತ್ತು ನಿಮಿಷ ಆಫ್‌ಲೈನ್.)

ದೊಡ್ಡಪ್ಪ: ಪುಟ್ಟಿ, ಆ ಕೋಚು ಯಾರು? ಕಂಪ್ಲೇಂಟ್ ಕೊಟ್ಟಾತ. ವಯಸ್ಸಾದವರ ಹಾಗೆ ಕಂಡರು.

ವೈಶು: ಮಾರ್ಕ್ ಜಾನ್ಸನ್!!! ದೊಡ್ಡಪ್ಪ ಅವರ ಕಥೆ ಕೇಳಿ. 2002ರಿಂದ ಇವರೇ ಕೋಚು, ಎಂಟು ಕಪ್ಪೂ ಇವರ ಕೈಯಲ್ಲೇ ಬಂದಿದ್ದು, ಮೊದಲನೇದು 2006. ಆ ವರ್ಷ ಹುಡುಗರ ಟೀಮೂ ಗೆದ್ದಿತ್ತು, ಒಂದೇ ಸೀಸನಲ್ಲಿ ಎರಡೂ ಗೆದ್ದ ಮೊದಲ ಯೂನಿವರ್ಸಿಟಿ. ಆದ್ರೆ ಜನ ಅವರನ್ನ ನೆನಪಿಟ್ಕೊಂಡಿರೋದು ಆಡಿದ್ದಕ್ಕೆ. 1980ರ ಚಳಿಗಾಲದ ಒಲಿಂಪಿಕ್ಸು, ಲೇಕ್ ಪ್ಲಾಸಿಡ್ ಅನ್ನೋ ಸಣ್ಣ ಊರು, ಎದುರಿಗೆ ಸೋವಿಯತ್ ರಷ್ಯಾ, ಅವರನ್ನ ಸೋಲಿಸೋರೇ ಇಲ್ಲ ಅನ್ನೋ ಕಾಲ, ಇವರು ಬರೀ ಕಾಲೇಜ್ ಹುಡುಗರು. ಮೊದಲ ಪೀರಿಯಡ್ ಮುಗಿಯೋಕೆ ಒಂದೇ ಒಂದು ಸೆಕೆಂಡಿದೆ, ರಷ್ಯಾದವರು ಪೀರಿಯಡ್ ಮುಗೀತು ಅನ್ನೋ ಹಾಗೆ ಸುಮ್ನೆ ನಿಧಾನ ಆಗಿದಾರೆ, ಗೋಲಿ ತಡೆದ ಪಕ್ಕು ವಾಪಸ್ ಬಂತು, ಈ ಮನುಷ್ಯ ಮಧ್ಯೆ ನುಗ್ಗಿ ಹೊಡೆದ. 2-2. ಅವತ್ತು ಎರಡು ಗೋಲು ಅವರದ್ದೇ. ಕೊನೆಗೆ ಅಮೆರಿಕ 4-3

ದೊಡ್ಡಪ್ಪ: 4-3?

ವೈಶು: ಹೂಂ

ದೊಡ್ಡಪ್ಪ: 1980ರಲ್ಲಿ ಮಾಸ್ಕೋದಲ್ಲಿ ನಾವು ಸ್ಪೇನ್ ಮೇಲೆ ಗೋಲ್ಡ್ ಗೆದ್ದಿದ್ದೂ 4-3. ಫೈನಲ್. ಕೊಡಗಿನ ಎಂ.ಎಂ. ಸೋಮಯ್ಯ ಆ ಟೀಮಲ್ಲಿದ್ದರು. ರೇಡಿಯೋದಲ್ಲಿ ಕಾಮೆಂಟರಿ ಕೇಳಿದ್ದೆ, ಕೊನೆಗೆ ಸ್ಪೇನ್ ಮೇಲಿಂದ ಮೇಲೆ ಬರ್ತಿತ್ತು, ನಮ್ಮಪ್ಪ ರೇಡಿಯೋ ಆಫ್ ಮಾಡು ಎದೆ ಹಿಡೀತಿದೆ ಅಂದಿದ್ದರು.

ಸುಮಾ ಚಿಕ್ಕಮ್ಮ: ಭಾವ ನಂಗೂ ನೆನಪಿದೆ, ಅಪ್ಪಯ್ಯ ಹೊರಗೆ ಹೋಗಿ ತೆಂಗಿನ ಮರಕ್ಕೆ ಒರಗಿ ನಿಂತಿದ್ರು ಅಂತ ಅಕ್ಕ ಹೇಳೋಳು

(ಇಲ್ಲಿಂದ ಹತ್ತು ನಿಮಿಷ ತಾತನ ಕಥೆ. ಬಿಟ್ಟಿದೀನಿ, ಅದು ಮನೆ ಮಾತು.)

ವೈಶು: ಇನ್ನೊಂದು ಕೇಳಿ. 2007ರಲ್ಲಿ ಇವರ ಹುಡುಗೀರು ಎರಡನೇ ಕಪ್ ಗೆದ್ದಿದ್ದು ಎಲ್ಲಿ ಗೊತ್ತಾ? ಅದೇ ಲೇಕ್ ಪ್ಲಾಸಿಡಲ್ಲಿ. ಅದಕ್ಕೆ ಮುಂಚೆ ಹಾರ್ವರ್ಡ್ ಮೇಲೆ ಕ್ವಾರ್ಟರ್ ಫೈನಲ್ಲು, 0-0, ಓವರ್‌ಟೈಮ್ ಮೇಲೆ ಓವರ್‌ಟೈಮು, ನಾಲ್ಕನೇ ಓವರ್‌ಟೈಮಲ್ಲಿ ಒಂದು ಗೋಲು, 1-0. ಜೆಸ್ಸಿ ವೆಟ್ಟರ್ ಅನ್ನೋ ಗೋಲಿ ಅಷ್ಟು ಹೊತ್ತೂ ಒಂದನ್ನೂ ಬಿಟ್ಟಿಲ್ಲ

ಪ್ರಸಾದ: (ವಾಪಸ್ ಬಂದೆ) ಇಷ್ಟು ಕಪ್ ಗೆದ್ದು ಆ ಹುಡುಗೀರು ಆಮೇಲೆ ಏನು ಮಾಡ್ತಾರೆ? ಕೆಲಸ ಹುಡುಕ್ಕೊಂಡು ಹೋಗೋದು ತಾನೇ

ವೈಶು: ಮೆಗನ್ ಡುಗ್ಗನ್ ಹುಡುಕು, ಇಲ್ಲೇ ಆಡಿದವಳು. 2017ರಲ್ಲಿ ಅಮೆರಿಕ ಟೀಮ್ ಕ್ಯಾಪ್ಟನ್ ಆಗಿದ್ದಾಗ ಸರಿಯಾಗಿ ದುಡ್ಡು ಕೊಡದಿದ್ರೆ ವರ್ಲ್ಡ್ ಚಾಂಪಿಯನ್‌ಶಿಪ್ಪೇ ಆಡಲ್ಲ ಅಂತ ಇಡೀ ಟೀಮು ಕೂತ್ಬಿಡ್ತು. ಅದೂ ಅವರ ದೇಶದಲ್ಲೇ ನಡೀತಿರೋ ಟೂರ್ನಿ. ಒಪ್ಪಂದ ಆದ ಮೇಲೇ ಇಳಿದಿದ್ದು, ಗೆದ್ರು ಕೂಡ. ಮಾರನೇ ವರ್ಷ ಒಲಿಂಪಿಕ್ ಗೋಲ್ಡು

ಸುಮಾ ಚಿಕ್ಕಮ್ಮ: ಅವಳು ನನ್ನ ಸ್ಟೂಡೆಂಟ್ ಆಗಬೇಕಿತ್ತು

ಗಿರೀಶ: ನಮ್ಮ ಲಡಾಖ್ ಹುಡುಗೀರೂ ಆಡ್ತಾರಲ್ಲ ಐಸ್ ಹಾಕಿ. 2025ರಲ್ಲಿ ಏಷ್ಯಾ ಕಪ್ಪಲ್ಲಿ ಬ್ರಾಂಜ್ ಬಂತು, ಯುಎಇ ಅಲ್ ಐನಲ್ಲಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆ ಮೇಲೆ ಪ್ರಾಕ್ಟೀಸ್ ಮಾಡ್ತಿದ್ದ ಹುಡುಗೀರು ಅವರು

ಗಿರೀಶ: ಕುಕ್ಕರ್ ವಿಷಯ ಯಾರೂ ಹೇಳ್ಲಿಲ್ಲ

ಪ್ರಸಾದ: ಅಪ್ಪಾ ಗಿರೀಶಾ ನಾನು ತರ್ತೀನಿ ಬಿಡೋ. ಬೇಸ್‌ಬಾಲ್ ಮುಚ್ಚಿದ್ದು ಮಾತ್ರ ತಪ್ಪು, ಅದು ನನ್ನ ಕೊನೆ ಮಾತು

ವೈಶು: ಅದಕ್ಕೆ ನನ್ನ ವಿರೋಧ ಇಲ್ಲ ಅಣ್ಣ, ಅದನ್ನೂ ವಾಪಸ್ ತರ್ಲಿ. ಇಲ್ಲಿ ರಾತ್ರಿ ಎರಡೂವರೆ, ನಾಳೆ ಲ್ಯಾಬಿದೆ, ಮಲಗ್ತೀನಿ 🙏

ಆಮೇಲೆ ಗ್ರೂಪು ಊಟಕ್ಕೆ ಎದ್ದೋಯ್ತು. ನಾಲ್ಕು ಗಂಟೆ ಹೊತ್ತಿಗೆ, ಎಲ್ರೂ ಮರೆತ ಮೇಲೆ, ಮತ್ತೆ ಟಣ್ ಅಂತು.

ದೊಡ್ಡಪ್ಪ: ವಿಡಿಯೋ ಆರು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕನ್ನಡಕ ಬದಲಾಯಿಸಿಯೂ ನೋಡಿದೆ. ಕೈ ಇಟ್ಟಿದ್ದಾಳೆ.

ದೊಡ್ಡಪ್ಪ: ಆದರೂ ಚಾಡಿ ಚಾಡಿಯೇ.

ದೊಡ್ಡಪ್ಪ: ಪುಟ್ಟಿ ಎದ್ದ ಮೇಲೆ ಹೇಳು, ಇವರ ಮುಂದಿನ ಮ್ಯಾಚು ನಮ್ಮ ಟೈಮು ಎಷ್ಟಕ್ಕೆ.