ಕಾಕಟೀಲ್‌ಗೆ ಫ್ಯಾಟಿ ಲಿವರ್: ಸೂರ್ಯಕಾಂತಿ ಬೀಜ ಬಿಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಲುಟಿನೋ (ಬಿಳಿ-ಹಳದಿ ಬಣ್ಣದ) ಕಾಕಟೀಲ್ ಗಿಣಿಗೆ ಏಳು ವರ್ಷ. ತೂಕ 128 ಗ್ರಾಂ. ಸ್ವಲ್ಪ ಹಾರಿದರೂ ಏದುಸಿರು ಬಿಡುತ್ತದೆ. ಎಕ್ಸ್‌ರೇ, ರಕ್ತ ಪರೀಕ್ಷೆ ಆಯಿತು. ಲಿವರ್‌ನಲ್ಲಿ ಕೊಬ್ಬು ತುಂಬಿದೆ, ಆಹಾರ ಬದಲಾಯಿಸಿ ಅಂದರು ಡಾಕ್ಟರ್. ಅದು ಸೂರ್ಯಕಾಂತಿ ಬೀಜ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ನಾಳೆಯಿಂದಲೇ ಬೀಜ ನಿಲ್ಲಿಸಿಬಿಡಲಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ಒಮ್ಮೆಲೇ ಮಾತ್ರ ನಿಲ್ಲಿಸಬೇಡಿ. ಗೊತ್ತಿಲ್ಲದ ವಸ್ತುವನ್ನು ಗಿಣಿ ಆಹಾರ ಅಂತಲೇ ಒಪ್ಪುವುದಿಲ್ಲ, ಬಟ್ಟಲು ತುಂಬಿದ್ದರೂ ಉಪವಾಸ ಕೂರುತ್ತದೆ. ಉಪವಾಸ ಬಿದ್ದರೆ ಮೈಯ ಕೊಬ್ಬು ಕರಗಿ ಲಿವರ್‌ಗೇ ಬಂದು ಸೇರುತ್ತದೆ. ಮೊದಲೇ ಸೋತಿರುವ ಲಿವರ್ ಅದನ್ನು ತಡೆಯಲಾರದು.

ನಮ್ಮ ಕಾಕಟೀಲ್‌ಗೂ ಇದೇ ಕಾಯಿಲೆ ಬಂದಿತ್ತು. ಕೊಕ್ಕು ಉದ್ದ ಬೆಳೆದು, ಅದರ ಮೇಲೆ ಕಪ್ಪು ಚುಕ್ಕೆಗಳು ಎದ್ದಿದ್ದವು. ನಿಮ್ಮದು ಲುಟಿನೋ ಅಲ್ವಾ, ಕೊಕ್ಕು ತಿಳಿ ಬಣ್ಣ. ಹಗಲು ಬೆಳಕಿನಲ್ಲಿ ಕೊಕ್ಕು, ಉಗುರು ನೋಡಿ. ಲಿವರ್ ಕೆಟ್ಟರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಒಳಗೇ ಕಂದಿ ಹಾಗೆ ಕಾಣುತ್ತದೆ. ಹಿಕ್ಕೆಯ ಬಿಳಿ ಭಾಗ ಹಸಿರಿಗೋ ಹಳದಿಗೋ ತಿರುಗಿದ್ದರೆ ಫೋಟೋ ತೆಗೆದು ಡಾಕ್ಟರ್‌ಗೆ ತೋರಿಸಿ.

ನಾವು ಬೆಳಗ್ಗೆ ಹಸಿವು ಜಾಸ್ತಿ ಇರುವಾಗ ಹೊಸದು ಇಡುತ್ತಿದ್ದೆವು, ಆಮೇಲೆ ಹಳೆಯದು. ಸೂರ್ಯಕಾಂತಿಯನ್ನು ವಾರ ವಾರ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ ಆ ಜಾಗಕ್ಕೆ ನವಣೆ ಹಾಕಿದೆವು, ಅದರಲ್ಲಿ ಕೊಬ್ಬು ತುಂಬಾ ಕಡಿಮೆ. ನವಣೆ ರೂಢಿಯಾದ ಮೇಲೆ ಒದ್ದೆ ಮಾಡಿ, ಪೆಲೆಟ್ (ಪಕ್ಷಿಗಳಿಗೆಂದೇ ಮಾಡಿದ ಗುಳಿಗೆಯಂಥ ಆಹಾರ) ಪುಡಿ ಮಾಡಿ ಉದುರಿಸಿದೆವು. ಕೊತ್ತಂಬರಿ ಸೊಪ್ಪನ್ನು ತೊಳೆದು ನೀರು ತೊಟ್ಟಿಕ್ಕುವಾಗಲೇ ಪಂಜರದ ಕಂಬಿಗೆ ಸಿಕ್ಕಿಸಿದೆ. ಹನಿ ಕುಡಿಯಲು ಬಂದದ್ದು ಎಲೆಯ ತುದಿ ಕಚ್ಚಿತು. ಮಾರನೆಯ ದಿನ ಎಲೆಯನ್ನೇ ಹರಿದು ತಿಂದಿತು. ಪೂರ್ತಿ ಬದಲಾಗಲು ತಿಂಗಳುಗಳೇ ಬೇಕಾದವು.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ದಿನಾ ಬೆಳಗ್ಗೆ ತಿನ್ನುವ ಮುಂಚೆ ತೂಕ ಬರೆದಿಡಿ. ಕಾಕಟೀಲ್ ಸಾಮಾನ್ಯವಾಗಿ 80ರಿಂದ 100 ಗ್ರಾಂ ಇರುತ್ತದೆ. ತೂಕ ಇಳಿಯಲಿ, ಆದರೆ ನಿಧಾನವಾಗಿ. ಎರಡು ಮೂರು ದಿನದಲ್ಲೇ ಐದಾರು ಗ್ರಾಂ ಜಾರಿದರೆ ಹಳೆಯ ಬೀಜವನ್ನೇ ಕೊಟ್ಟು ಡಾಕ್ಟರ್‌ಗೆ ಫೋನ್ ಮಾಡಿ. ಮನುಷ್ಯರ ಲಿವರ್ ಟಾನಿಕ್ ಸುಮ್ನೆ ಕೊಡಬೇಡಿ.

ಇನ್ನೊಬ್ಬರು: ನಮ್ಮಲ್ಲಿ ಲವ್ ಬರ್ಡ್ಸ್ ಅಂತ ಮಾರುತ್ತಾರಲ್ಲ, ಆ ಬಜರಿಗರ್‌ಗೆ ಎದೆಯ ಮೇಲೆ ಮೆತ್ತಗಿನ ಗಂಟು ಬಂದಿತ್ತು. ಸೂಜಿ ಹಾಕಿ ನೋಡಿ ಕೊಬ್ಬಿನ ಗಂಟು ಅಂದರು. ಎಣ್ಣೆಕಾಳು ಬಿಡಿಸಿ, ದಿನಾ ಕೋಣೆಯಲ್ಲಿ ಹಾರಲು ಬಿಟ್ಟೆವು. ಆಪರೇಷನ್ ಬೇಕಾಗಲಿಲ್ಲ, ಗಂಟು ಚಿಕ್ಕದಾಯಿತು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಬಿಡಿ. ಏದುಸಿರು ಕಡಿಮೆಯಾಗುವವರೆಗೆ ಮಾತ್ರ ನಿಮ್ಮದನ್ನು ಹಾರಿಸಬೇಡಿ.

ಮತ್ತೊಬ್ಬರು: ರಕ್ತದಲ್ಲಿನ ಕೊಬ್ಬು, ಅಂದರೆ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎಷ್ಟಿದೆ ಅಂತಲೂ ಕೇಳಿ. ನಮ್ಮದು ಆಫ್ರಿಕನ್ ಗ್ರೇ ಗಿಣಿ. ಅವುಗಳಲ್ಲಿ ರಕ್ತನಾಳ ಗಟ್ಟಿಯಾಗುವ ಕಾಯಿಲೆ ಹೆಚ್ಚು, ಎಷ್ಟೋ ಸಲ ಮೊದಲೇ ಏನೂ ಕಾಣುವುದಿಲ್ಲ. ನಿಮ್ಮದು ಹೆಣ್ಣಾ? ಮೊಟ್ಟೆ ಇಡುವ ಸಮಯದಲ್ಲಿ ರಕ್ತದಲ್ಲಿ ಕೊಬ್ಬು ತಾನಾಗಿಯೇ ಏರುತ್ತದೆ. ಇತ್ತೀಚೆಗೆ ಮೊಟ್ಟೆ ಇಟ್ಟಿದ್ದರೆ ರಿಪೋರ್ಟ್ ತೋರಿಸುವಾಗ ಅದನ್ನೂ ಹೇಳಿ.